ಹಾಲಿಗಿಂತ ಮೊದಲು ಹಿಂಡಿಯ ಪರೀಕ್ಷೆಯಾಗಲಿ

ಮಕ್ಕಳೇ, ಶಾಲೆಯಲ್ಲಿ ನೀವು ಕುಡಿಯುವ ಕ್ಷೀರಭಾಗ್ಯದ ಹಾಲು ಎಲ್ಲಿಂದ ಬರುತ್ತದೆ? ಹಸುವಿನಿಂದ ಎನ್ನುವಿರಿ. ಹಸುವಿಗೆ ಎಲ್ಲಿಂದ ಬಂತು? ಅದು ತಿಂದ ಹುಲ್ಲು, ಬೂಸ, ಹಿಂಡಿಗಳಿಂದ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಕಾನೂನು ಸರಿಯಾಗಿ ಕೇಳಿಕೊಂಡಿಲ್ಲ ಎಂಬುದೇ ನನ್ನ ತಕರಾರು.

ಕಡಲೆಕಾಯಿ ಹಿಂಡಿ, ಮೆಕ್ಕೆಜೋಳಗಳು ತೇವದಲ್ಲಿ ಉಳಿದರೆ ಬೂಷ್ಟು ಹಿಡಿಯುತ್ತವೆ. ಆಸ್ಪರ್ಜಿಲ್ಲಸ್ ಶಿಲೀಂಧ್ರದ ಕೆಲವು ಜಾತಿಗಳು ಅಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗಲೇ ಈ ವಿಷದ ಪತ್ತೆಯಾದದ್ದು. ಇಂಥ ಹಿಂಡಿಯನ್ನು ಹಸು ತಿಂದರೆ ಅದರ ಯಕೃತ್ತು ವಿಷದ ಒಂದು ಪಾಲನ್ನು 'ಎಂ-1' ಎಂಬ ರೂಪಕ್ಕೆ ಬದಲಿಸುತ್ತದೆ. ಒಂದು ದಿನದೊಳಗೆ ಅದು ಹಾಲಿಗೆ ಇಳಿಯುತ್ತದೆ. ಹಾಲನ್ನು ಕಾಯಿಸಿದರೂ ಹೋಗದು, ಪುಡಿ ಮಾಡಿದರೂ ಹೋಗದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯದು. ಬಹುಕಾಲ ದೇಹಕ್ಕೆ ಸೇರುತ್ತಿದ್ದರೆ ಯಕೃತ್ತಿಗೆ ಅಪಾಯ. ಗಾಬರಿಯಾಗಿ ಹಾಲು ಬಿಡಬೇಡಿ! ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿ ಇದೆ. ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಪಾಲು. ಅಷ್ಟನ್ನು ಕಂಡುಹಿಡಿಯಲು ಒಳ್ಳೆಯ ಪ್ರಯೋಗಾಲಯವೇ ಬೇಕು.

ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಬರೆದವರು 'ಆಹಾರ' ಎಂಬ ಪದದ ಅರ್ಥದಿಂದ ಪಶು ಆಹಾರವನ್ನು ಹೊರಗಿಟ್ಟರು. ಬಾಯಿಯ ಬಳಿ ತಡೆಯಬೇಕಾದ ವಿಷವನ್ನು ಕೆಚ್ಚಲಿನಿಂದ ಇಳಿದ ಮೇಲೆ ಹುಡುಕುವುದು ಯಾವ ಜಾಣತನ? ಅದೇ ಕಾಯಿದೆ ವರದಿ ನೀಡಲು ವಿಶ್ಲೇಷಕರಿಗೆ 14 ದಿನಗಳ ಕಾಲಾವಕಾಶ ಕೊಟ್ಟಿದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ನಾಲ್ಕೈದು ದಿನಗಳಲ್ಲೇ ಹಾಲಿನ ವಿಷ ಬಹುಮಟ್ಟಿಗೆ ಇಳಿಯುತ್ತದೆ. ವರದಿ ಬರುವಷ್ಟರಲ್ಲಿ ಹಾಲೂ ಮುಗಿದು, ಹಿಂಡಿಯ ಮೂಟೆಯೂ ಖಾಲಿಯಾಗಿರುತ್ತದೆ.

ಬೆಂಗಳೂರಿನ ಉತ್ತರ ಭಾಗವನ್ನೇ ನೋಡಿ. ಯಲಹಂಕದಲ್ಲಿ ಮದರ್ ಡೇರಿ ಇದೆ, ರಾಜಾನುಕುಂಟೆಯಲ್ಲಿ ಹಾಲು ಮಹಾಮಂಡಳದ ಪಶು ಆಹಾರ ಕಾರ್ಖಾನೆ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೂ, 1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಸಂಸ್ಥೆಯೂ ಇವೆ. ಆದರೆ ನಮ್ಮ ಆಹಾರದ ಮಾದರಿ ಆರೋಗ್ಯ ಇಲಾಖೆಯ ಕಡೆಗೆ, ದನಕರುಗಳ ಚಿಂತೆ ಪಶುಸಂಗೋಪನೆ ಇಲಾಖೆಯ ಕಡೆಗೆ. ವಿಷಕ್ಕೆ ಇಲಾಖೆಗಳ ಗಡಿ ಗೊತ್ತಿಲ್ಲ. ಹಾಲೂ ಹಿಂಡಿಯೂ ಒಂದೇ ಮೇಜಿನ ಮೇಲೆ ಪರೀಕ್ಷೆಯಾಗುವ ಸರ್ಕಾರಿ ಪ್ರಯೋಗಾಲಯ ಹೆಬ್ಬಾಳದಲ್ಲೇ ಏಕಾಗಬಾರದು? ಊರಿನ ಡೇರಿಯಲ್ಲಿ ಹಾಲಿನ ಕೊಬ್ಬನ್ನು ಅಳೆಯುವಂತೆ, ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪಟ್ಟಿಗಳಿಂದ ಮಳೆಗಾಲದಲ್ಲಾದರೂ ಈ ವಿಷವನ್ನು ನೋಡಬಹುದು. ಅನುಮಾನ ಬಂದ ಮಾದರಿಗಳನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಖರ್ಚಿದೆ, ನಿಜ. ಆದರೆ ಮಕ್ಕಳ ಹಾಲಿಗೆ ಮಾಡದ ಖರ್ಚನ್ನು ಇನ್ನಾವುದಕ್ಕೆ ಮಾಡುವುದು?

ಅಂಗಡಿಯಲ್ಲಿ ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕನ್ನು ಕಾಯಿದೆಯ 40ನೇ ಕಲಮು ಕೊಳ್ಳುವವರಿಗೆ ಕೊಟ್ಟಿದೆ. ಹಿಂಡಿ ಕೊಂಡ ರೈತನಿಗೂ ಇಂಥದೊಂದು ಹಕ್ಕು ಬೇಕು. ಅದು ಬರುವವರೆಗೆ, ನಿಮ್ಮ ಮನೆಯಲ್ಲಿ ಹಸುವಿದ್ದರೆ ಹಿಂಡಿಯ ಮೂಟೆ ತೇವದ ನೆಲದ ಮೇಲಿದೆಯೋ ಹಲಗೆಯ ಮೇಲಿದೆಯೋ ಇಂದೇ ನೋಡಿ ಬನ್ನಿ.