ಕೆಟ್ಟ ಎಲ್‌ಇಡಿ ಬಲ್ಬ್ ತಿಪ್ಪೆ ಸೇರಬೇಕಿಲ್ಲ

2015ರ ಕೊನೆಗೆ ರಾಜ್ಯದಲ್ಲಿ ಶುರುವಾದ ‘ಹೊಸ ಬೆಳಕು’ ಯೋಜನೆಯಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 100 ರೂಪಾಯಿಗೆ ಸಿಕ್ಕಿತು. 60 ವ್ಯಾಟ್‌ನ ಹಳೇ ಬುರುಡೆ ದೀಪದಷ್ಟೇ ಬೆಳಕು, ಕರೆಂಟು ಮಾತ್ರ ಆರನೇ ಒಂದು ಪಾಲಿಗಿಂತ ಕಡಿಮೆ. ಚಾಮರಾಜನಗರ ಜಿಲ್ಲೆಯ ಹರದನಹಳ್ಳಿಯಂಥ ಊರಿಗೂ ಇದು ದೊಡ್ಡ ಉಳಿತಾಯ. ಆದರೆ ಕೆಟ್ಟ ಬಲ್ಬನ್ನೆಲ್ಲ ತಿಪ್ಪೆಗೆಸೆದರೆ ಆ ಉಳಿತಾಯದ ಒಂದು ಪಾಲು ಅಲ್ಲೇ ಹೂತುಹೋಗುತ್ತದೆ. ಹಾಗೆ ಎಸೆದ ಬಲ್ಬಿನೊಳಗೆ ಬಹುಪಾಲು ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಪುಟ್ಟ ಎಲ್‌ಇಡಿಗಳು ಸಾಮಾನ್ಯವಾಗಿ ಒಂದರ ಹಿಂದೊಂದರಂತೆ ಸರಣಿಯಲ್ಲಿರುತ್ತವೆ. ಒಂದು ಸುಟ್ಟು ದಾರಿ ಕಡಿದರೆ ಉಳಿದವೂ ಆರುತ್ತವೆ. ಸುಟ್ಟದ್ದರ ಮೇಲೆ ಹಲವು ಸಲ ಕಪ್ಪು ಚುಕ್ಕೆ ಕಾಣುತ್ತದೆ. ಇಲ್ಲವೇ ಎಲ್‌ಇಡಿಗಳಿಗೆ ಕರೆಂಟು ಹೊಂದಿಸಿಕೊಡುವ ಡ್ರೈವರ್‌ನ ಕೆಪಾಸಿಟರ್ ಕಾವಿಗೆ ಒಣಗಿ ಉಬ್ಬಿರುತ್ತದೆ. ಎರಡೂ ಬದಲಿಸಬಹುದಾದ ಚಿಕ್ಕ ಭಾಗಗಳೇ.

ಹೊಸ ಬಲ್ಬೇ ಅಗ್ಗವಿರುವಾಗ ಈ ಉಸಾಬರಿ ಏಕೆ ಎಂಬ ಪ್ರಶ್ನೆ ಸಹಜ. ಒಂದು ಬಲ್ಬಿನ ಲೆಕ್ಕದಲ್ಲಿ ಅದು ಸರಿ. ಊರಿನ ಕೆಟ್ಟ ಬಲ್ಬುಗಳನ್ನು ಒಂದೆಡೆ ಕೂಡಿಸಿದರೆ ಒಂದರ ಡ್ರೈವರ್ ಅದೇ ಬಗೆಯ ಇನ್ನೊಂದರ ತಟ್ಟೆಗೆ ಹೊಂದಬಹುದು, ಖರ್ಚು ಇಳಿಯುತ್ತದೆ, ಕಲಿತ ಕೈಗೆ ಕೆಲಸ ಸಿಗುತ್ತದೆ. ಅಪಾಯದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅನೇಕ ಬಲ್ಬುಗಳಲ್ಲಿ ಒಳಗಿನ ಭಾಗಗಳು ನೇರವಾಗಿ 230 ವೋಲ್ಟ್‌ಗೆ ಕೂಡಿರುತ್ತವೆ. ಹೋಲ್ಡರ್‌ನಿಂದ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಸುಟ್ಟ ಎಲ್‌ಇಡಿಯ ಎರಡು ತುದಿಗಳನ್ನು ಬೆಸೆದು ಉರಿಸುವ ಅಡ್ಡದಾರಿಯೂ ಒಳ್ಳೆಯದಲ್ಲ, ಡ್ರೈವರ್ ಇಲ್ಲವೇ ಉಳಿದ ಎಲ್‌ಇಡಿಗಳ ಮೇಲೆ ಹೊರೆ ಬೀಳುತ್ತದೆ. ಅದೇ ವೋಲ್ಟೇಜಿನ ಎಲ್‌ಇಡಿ ಹಾಕುವುದೇ ಸರಿ. ಆದ್ದರಿಂದ ಕಲಿಯದೆ ಯಾರೂ ಕೈಹಾಕಬಾರದು. ಕೂಡಿಸಿದ ದೀಪಗಳ ನಡುವೆ ಹಳೇ ಸಿಎಫ್‌ಎಲ್ ಇದ್ದರೆ ಅದರ ಗಾಜಿನ ಕೊಳವೆಯನ್ನಂತೂ ಒಡೆಯಲೇಬಾರದು, ಅದರಲ್ಲಿ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಅಂಥ ದೀಪಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ.

ಅಪಾಯವಿದೆ ಎಂಬುದು ಕಲಿಸಲು ಕಾರಣವೇ ಹೊರತು ಕೈಬಿಡಲು ಅಲ್ಲ. ಪಂಪ್‌ಸೆಟ್ ಮೋಟಾರಿಗೆ ಹೊಸ ವೈಂಡಿಂಗ್ ಸುತ್ತಬಲ್ಲ ಕೈಗಳು ನಮ್ಮ ಹಳ್ಳಿಗಳಲ್ಲಿವೆ. ಬಲ್ಬ್ ಅವಕ್ಕೆ ಹೆಚ್ಚಿನದಲ್ಲ. ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಕೇಂದ್ರ ಸರ್ಕಾರ 2022ರಲ್ಲೇ ಸಮಿತಿ ರಚಿಸಿದೆ. ಅಂಟು ಹಾಕಿ ಮುಚ್ಚಿದ ಬಲ್ಬಿನ ಬದಲು ಬಿಚ್ಚಿ ಜೋಡಿಸಬಹುದಾದ ಬಲ್ಬನ್ನೇ ತಯಾರಕರು ಕೊಡುವಂತೆ ಆ ಹಕ್ಕನ್ನು ದೀಪಕ್ಕೂ ವಿಸ್ತರಿಸಬೇಕು. ಜಿಲ್ಲೆಯ ಐಟಿಐಗಳು ಈ ದುರಸ್ತಿಯನ್ನು ಪಾಠವಾಗಿಸಲಿ, ಹರದನಹಳ್ಳಿ ಪಂಚಾಯಿತಿ ಕೆಟ್ಟ ಬಲ್ಬುಗಳಿಗೊಂದು ಪೆಟ್ಟಿಗೆ ಇಡಲಿ, ಚಾಮರಾಜನಗರ, ಗುಂಡ್ಲುಪೇಟೆಯ ಅಂಗಡಿಗಳು ಬಿಡಿಭಾಗ ಮಾರಲಿ. ಓದುಗರು ಕೂಡ ಆರಿದ ಬಲ್ಬನ್ನು ಕಸಕ್ಕೆ ಹಾಕುವ ಮುನ್ನ ದುರಸ್ತಿ ಬಲ್ಲವರಿಗೊಮ್ಮೆ ತೋರಿಸಲಿ.