ಲಿಂಕನ್ ಬರೆಯದ ಪತ್ರ

ಚನ್ನಗಿರಿ ತಾಲ್ಲೂಕಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ಎಂಟನೆಯ ತರಗತಿಯ ಬಾಲಕಿಯೊಬ್ಬಳು, ಅಬ್ರಹಾಂ ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದರೆನ್ನಲಾದ ಪತ್ರವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಆದರೆ ಮನಸ್ಸು ಕಸಿವಿಸಿಗೊಂಡಿತು. ಆ ಪತ್ರ ಲಿಂಕನ್ನರದೆನ್ನಲು ಯಾವ ಆಧಾರವೂ ಇಲ್ಲವೆಂಬುದು ಆ ವೇಳೆಗೆ ನನಗೆ ತಿಳಿದಿತ್ತು. ತಿಳಿಯುವ ಮುನ್ನ ಹಲವು ವರ್ಷ, ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ನಾನೇ ಅದನ್ನು ಉದ್ಧರಿಸಿದ್ದೆ.

ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಶಾಲೆಗಳಲ್ಲಿಯೂ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟ ಈ ಪತ್ರವನ್ನು ಕಂಡಿದ್ದೇನೆ. ನಾನು ನೋಡಿದ ಯಾವ ಪ್ರತಿಯಲ್ಲಿಯೂ ಶಿಕ್ಷಕರ ಹೆಸರಿಲ್ಲ, ಶಾಲೆಯ ಹೆಸರಿಲ್ಲ. ರಾಯ್ ಬ್ಯಾಸ್ಲರ್ ಅವರ ಸಂಪಾದಕತ್ವದಲ್ಲಿ 1953ರಲ್ಲಿ ಪ್ರಕಟವಾದ ಲಿಂಕನ್ನರ ಸಮಗ್ರ ಬರಹಗಳ ಸಂಪುಟಗಳಲ್ಲಿ ಈ ಪತ್ರವಿಲ್ಲ. ಮೂಲಪ್ರತಿಯೂ ಎಲ್ಲಿಯೂ ದೊರೆತಿಲ್ಲ. ಹಳಗನ್ನಡ ಕಾವ್ಯದ ಒಂದು ಪದ್ಯವು ಪ್ರಾಚೀನ ಓಲೆಪ್ರತಿಗಳಲ್ಲಿ ಇಲ್ಲದೆ ಈಚಿನ ಪ್ರತಿಯಲ್ಲಿ ಮಾತ್ರ ಕಾಣಿಸಿಕೊಂಡರೆ ಅದು ಪ್ರಕ್ಷಿಪ್ತವೇ ಎಂದು ಶಂಕಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವನು ನಾನು. ಆ ಎಚ್ಚರವನ್ನು ಲಿಂಕನ್ನರ ವಿಷಯದಲ್ಲಿ ಮರೆತಿದ್ದೆ.

‘ಸಂದೇಶ ಒಳ್ಳೆಯದಿದ್ದರೆ ಸಾಲದೇ ಸರ್?’ ಎಂದು ಶಿಕ್ಷಕಮಿತ್ರರೊಬ್ಬರು ಕೇಳಿದರು. ಸಾಲದು. ಪ್ರಾಮಾಣಿಕತೆಯನ್ನು ಬೋಧಿಸುವ ಪತ್ರದ ಕೆಳಗೆ ಬರೆಯದವರ ಹೆಸರಿರುವುದು ಆ ಬೋಧನೆಗೇ ವಿರುದ್ಧ. ಇಂಥ ವಿಪರ್ಯಾಸ ಇದೊಂದೇ ಅಲ್ಲ. ಬಾಲಕ ವಾಷಿಂಗ್ಟನ್ ಚೆರ್ರಿ ಗಿಡವನ್ನು ಕೊಡಲಿಯಿಂದ ಗಾಯಗೊಳಿಸಿ, ಸುಳ್ಳಾಡದೆ ಒಪ್ಪಿಕೊಂಡ ಕಥೆಯನ್ನು ಯಾರು ಕೇಳಿಲ್ಲ? ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಮೇಸನ್ ವೀಮ್ಸ್ ಎಂಬ ಲೇಖಕರು ತಮ್ಮ ಜೀವನಚರಿತ್ರೆಗೆ ಈ ಪ್ರಸಂಗವನ್ನು ಸೇರಿಸಿದ್ದು 1806ರ ಆವೃತ್ತಿಯಲ್ಲಿ. ಸತ್ಯವನ್ನು ಕಲಿಸಲೆಂದೇ ಕಟ್ಟಿದ ಕಥೆ ಅದು!

ನಂಬಲು ಕಷ್ಟವಾದುದೆಲ್ಲ ಸುಳ್ಳೆಂದು ನನ್ನ ವಾದವಲ್ಲ. ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಎಂಬ ಇಬ್ಬರು ಮಾಜಿ ಅಧ್ಯಕ್ಷರು ಒಂದೇ ದಿನ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ 1826ರ ಜುಲೈ 4ರಂದು ನಿಧನರಾದರು. ಕಟ್ಟುಕಥೆಯಂತೆ ಕೇಳಿಸಿದರೂ ಇದಕ್ಕೆ ದಾಖಲೆಯಿದೆ. ಆದ್ದರಿಂದ ಒರೆಗಲ್ಲು ಸೊಗಸೂ ಅಲ್ಲ, ಸಂಭಾವ್ಯತೆಯೂ ಅಲ್ಲ, ಆಧಾರ.

ಲಿಂಕನ್ನರು ಬರೆದ, ಮಕ್ಕಳು ಓದಬೇಕಾದ ನಿಜವಾದ ಪತ್ರವೊಂದಿದೆ. 1860ರ ಅಕ್ಟೋಬರಿನಲ್ಲಿ ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಬಾಲಕಿ, ಗಡ್ಡ ಬಿಟ್ಟರೆ ನಿಮಗೆ ಒಪ್ಪುತ್ತದೆ ಎಂದು ಅವರಿಗೆ ಬರೆದಳು. ಚುನಾವಣೆಗೆ ಕೆಲವೇ ವಾರಗಳಿದ್ದಾಗ, ಅಕ್ಟೋಬರ್ 19ರಂದು, ಲಿಂಕನ್ನರು ಉತ್ತರಿಸಿದರು. ತಮಗೆ ಹೆಣ್ಣುಮಕ್ಕಳಿಲ್ಲ, ಮೂವರು ಗಂಡುಮಕ್ಕಳಿದ್ದಾರೆ ಎಂದು ಅವರ ವಯಸ್ಸನ್ನೂ ತಿಳಿಸಿದರು. ಗಡ್ಡ ಬಿಡುವೆನೆಂದು ಮಾತು ಕೊಡಲಿಲ್ಲ; ಆದರೆ ಬಿಟ್ಟರು. 1861ರಲ್ಲಿ ಅಧಿಕಾರ ವಹಿಸಲು ಹೋಗುವಾಗ ಅವಳ ಊರಿನ ನಿಲ್ದಾಣದಲ್ಲಿ ರೈಲು ನಿಂತಾಗ ಅವಳನ್ನು ಕಂಡು ಮಾತನಾಡಿಸಿದರು. ಇಲ್ಲಿ ಉಪದೇಶವಿಲ್ಲ. ಒಂದು ಮಗುವಿನ ಮಾತನ್ನು ಗೌರವಿಸಿದ ಮನುಷ್ಯನಿದ್ದಾನೆ.

ದೂರದವರ ವಿಷಯ ಹಾಗಿರಲಿ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ 1930ರಲ್ಲಿ ಹುಟ್ಟಿ ರಾಜ್ಯದ ಮುಖ್ಯಮಂತ್ರಿಯಾದ ಜೆ.ಎಚ್. ಪಟೇಲರ ಹೆಸರಿನಲ್ಲಿ ನಮ್ಮಲ್ಲಿ ಚಲಾವಣೆಯಲ್ಲಿರುವ ಹಾಸ್ಯೋಕ್ತಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಪಟೇಲರು ಆಡಿದವೆಷ್ಟು, ಜನರು ಹೆಣೆದವೆಷ್ಟು? 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಅವರು ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರು. ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದಲೂ ಜಗಳೂರನ್ನು ಚಿತ್ರದುರ್ಗದಿಂದಲೂ ಬಿಡಿಸಿಕೊಂಡು 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡದ್ದು ಅವರ ಆಡಳಿತದಲ್ಲಿ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಇವು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯವು, ನಗೆಹನಿಗಳು ತಿಳಿದಿವೆ. ಪಟೇಲರು ತೀರಿಕೊಂಡದ್ದು 2000ದಲ್ಲಿ. ಅವರೊಡನೆ ಒಡನಾಡಿದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ, ಹೇಳಿದವರಾರು, ಯಾವಾಗಿನ ಮಾತು ಎಂಬುದನ್ನು ಸಹಿತ ಬರೆದಿಟ್ಟರೆ ಅದೇ ಚರಿತ್ರೆಯ ಮೊದಲ ಪಾಠ.

ಗೋಡೆಯ ಮೇಲಿನ ಪತ್ರವನ್ನು ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. ಕೆಳಗಿರುವ ಹೆಸರನ್ನು ತೆಗೆದು ‘ಕರ್ತೃ ಅಜ್ಞಾತ’ ಎಂದು ಬರೆದರೆ ಸಾಕು. ಕರ್ತೃವಿನ ಹೆಸರು ತಿಳಿಯದ ಕೃತಿಗಳನ್ನೂ ಕನ್ನಡಿಗರು ಗೌರವದಿಂದ ಓದುತ್ತ ಬಂದಿದ್ದಾರೆ. ಮಾತಿನಲ್ಲಿ ಸತ್ತ್ವವಿದ್ದರೆ ಅದಕ್ಕೆ ಎರವಲು ಹೆಸರಿನ ಆಸರೆ ಬೇಕಿಲ್ಲ. ಆ ಬಾಲಕಿಗೆ ಅಂದೇ ಈ ಮಾತನ್ನು ಹೇಳಬೇಕಿತ್ತು, ಹೇಳದೆ ಬಂದೆ. ಅದಕ್ಕಾಗಿ ಈ ಬರಹ.