ಯಾವ ದೀಪವನ್ನು ಮೊದಲು ಬದಲಿಸಬೇಕು?

ಕಾರವಾರ, ಅಂಕೋಲಾ ಕಡೆ ಜೂನ್ ಬಂತೆಂದರೆ ಮಧ್ಯಾಹ್ನವೂ ತರಗತಿಯಲ್ಲಿ ಮಬ್ಬುಗತ್ತಲೆ. ಹಂಚಿನ ಮಾಡು ತಗ್ಗಾಗಿ ಇಳಿದಿರುತ್ತದೆ, ಎರಚಲು ಹೊಡೆಯದಂತೆ ಕಿಟಕಿ ಮುಚ್ಚಿರುತ್ತದೆ. ದೀಪ ಹಾಕದೆ ಕರಿಹಲಗೆ ಕಾಣದು. ಮಾರ್ಚಿನ ಸೆಕೆಗೆ ದೀಪ ಬೇಡ, ಫ್ಯಾನ್ ಬೇಕು. ಶಾಲೆಗೆ ಸ್ವಲ್ಪ ಹಣ ಬಂದ ಕೂಡಲೇ ‘ಎಲ್ಲವನ್ನೂ ಎಲ್‌ಇಡಿ ಮಾಡಿಸಿಬಿಡೋಣ’ ಎನ್ನುವವರಿದ್ದಾರೆ. ಅದಕ್ಕೆ ಮೊದಲು ಒಂದು ಲೆಕ್ಕ ಮಾಡಬೇಕೆಂಬುದು ನನ್ನ ವಾದ. ಮಕ್ಕಳೇ, ನಿಮಗೆ ಬರುವ ಗುಣಾಕಾರವೇ ಸಾಕು.

ಹಳೆಯ 40 ವಾಟ್ ಟ್ಯೂಬ್‌ಲೈಟಿನ ಜೊತೆ ಅದರ ಚೋಕ್ ಕೂಡ ವಿದ್ಯುತ್ ನುಂಗುತ್ತದೆ. ಎರಡೂ ಸೇರಿ ಸುಮಾರು 55 ವಾಟ್. 20 ವಾಟ್‌ನ ಎಲ್‌ಇಡಿ ಟ್ಯೂಬ್ ಹಾಕಿದರೆ 35 ವಾಟ್ ಉಳಿತಾಯ. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಮಳೆಗಾಲದ 80 ದಿನ, ದಿನಕ್ಕೆ 5 ಗಂಟೆ ದೀಪ ಉರಿಯಿತೆನ್ನಿ. ವರ್ಷಕ್ಕೆ ಉಳಿಯುವುದು 14 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 98 ರೂಪಾಯಿ. ಟ್ಯೂಬಿಗೆ 250 ರೂಪಾಯಿ ಕೊಟ್ಟಿದ್ದರೆ ಆ ಹಣ ಮರಳಲು ಎರಡೂವರೆ ವರ್ಷ ಬೇಕು.

ಅದೇ ಟ್ಯೂಬನ್ನು ಆಸ್ಪತ್ರೆಯ ಕಾರಿಡಾರಿನಲ್ಲೋ ಬಸ್ ನಿಲ್ದಾಣದಲ್ಲೋ ಹಾಕಿ ನೋಡಿ. ಅಲ್ಲಿ ವರ್ಷದ 365 ರಾತ್ರಿಯೂ 12 ಗಂಟೆ ದೀಪ ಉರಿಯುತ್ತದೆ. ಉಳಿತಾಯ 153 ಯೂನಿಟ್, ಸಾವಿರ ರೂಪಾಯಿಗೂ ಮೇಲೆ. ಮೂರು ತಿಂಗಳೊಳಗೆ ಹಣ ವಾಪಸ್! ಕಾರವಾರ ಜಿಲ್ಲಾ ಕೇಂದ್ರ. ರಾತ್ರಿಯಿಡೀ ದೀಪ ಉರಿಯುವ ಕಟ್ಟಡಗಳಿಗೆ ಅಲ್ಲಿ ಕೊರತೆಯಿಲ್ಲ. ಸರ್ಕಾರದ ಹಣ ಮೊದಲು ಅಂಥ ಕಡೆ ಹೋಗಲಿ, ಶಾಲೆಯ ಸರದಿ ಆಮೇಲೆ ಬರಲಿ. ಶಾಲೆಗಳಿಗೆ ಬರುವ ಪತ್ರಿಕೆಯಲ್ಲೇ ಹೀಗೆ ಬರೆಯುವುದು ಕೆಲವರಿಗೆ ರುಚಿಸದಿರಬಹುದು.

ಫ್ಯಾನಿನ ವಿಷಯದಲ್ಲಂತೂ ಅವಸರ ಬೇಡವೇ ಬೇಡ. ಹಳೆಯದು 75 ವಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ವರ್ಷಕ್ಕೆ 150 ದಿನ, 5 ಗಂಟೆಯಂತೆ ತಿರುಗಿದರೆ ಉಳಿಯುವುದು 34 ಯೂನಿಟ್. ಫ್ಯಾನಿನ ಬೆಲೆ 2,800 ರೂಪಾಯಿಯಾದರೆ ಅದು ಮರಳಲು ಹನ್ನೆರಡು ವರ್ಷ ಹತ್ತಿರ! ತಿರುಗುವಷ್ಟು ದಿನ ಹಳೆಯದು ತಿರುಗಲಿ. ಸುಟ್ಟುಹೋದ ದಿನ ಮಾತ್ರ ನಕ್ಷತ್ರ ಗುರುತು ನೋಡಿ ಒಳ್ಳೆಯದನ್ನು ಕೊಳ್ಳಿ. ಸೀಲಿಂಗ್ ಫ್ಯಾನಿಗೆ ಈ ಗುರುತು 2023ರಿಂದ ಕಡ್ಡಾಯ.

ಶಾಲೆಗೆ ಇದಕ್ಕಿಂತ ಅಗ್ಗದ ದಾರಿಯೊಂದು ನಮ್ಮ ಹಿರಿಯರ ಮಾಡಿನ ಮೇಲೇ ಇತ್ತು: ಗಾಜಿನ ಹಂಚು. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ; ಓದಲು 300 ಲಕ್ಸ್ ಸಾಕು. ನಾಲ್ಕಾರು ಗಾಜಿನ ಹಂಚು ಕೂರಿಸಿ, ಗೋಡೆಗೆ ಬಿಳಿ ಸುಣ್ಣ ಬಳಿದರೆ ಎಷ್ಟೋ ದಿನ ಸ್ವಿಚ್ ಒತ್ತಬೇಕಾಗಿಲ್ಲ. ವರ್ಷಕ್ಕೊಮ್ಮೆ ಪಾಚಿ ಒರೆಸಬೇಕು, ಅಷ್ಟೆ.

‘ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ನವೆಂಬರ್ 1ರಂದೇ ಘೋಷಣೆಯಾಯಿತಲ್ಲ, ಇನ್ನೇಕೆ ಈ ಲೆಕ್ಕ?’ ಎಂದು ಕೇಳಬಹುದು. ಬಿಲ್ಲು ಮುಖ್ಯೋಪಾಧ್ಯಾಯರ ಮೇಜಿಗೆ ಬಾರದಿದ್ದರೂ ಹೆಸ್ಕಾಂಗೆ ಯಾರಾದರೂ ತೆರಲೇಬೇಕು, ಅದು ಸರ್ಕಾರದ ಬೊಕ್ಕಸ. ತೊಡಕು ಇರುವುದು ಇಲ್ಲೇ: ಟ್ಯೂಬ್ ಕೊಳ್ಳುವುದು ಶಾಲೆಯ ಅನುದಾನದಿಂದ, ಉಳಿತಾಯ ಸೇರುವುದು ಬೊಕ್ಕಸಕ್ಕೆ. ಸೀಮೆಸುಣ್ಣಕ್ಕೂ ಲೆಕ್ಕ ಹಾಕುವ ಶಾಲೆ ಯಾಕಾದರೂ ಕೊಂಡೀತು? ಹಾಗಾಗಿ ಕೊಳ್ಳುವ ಖರ್ಚನ್ನೂ ಸರ್ಕಾರವೇ ಹೊರುವುದು ನ್ಯಾಯ. ಒಟ್ಟಾಗಿ ಕೊಂಡರೆ ಅದೇನೂ ಭಾರವಲ್ಲ. ಕೇಂದ್ರದ ಸಗಟು ಖರೀದಿಯಲ್ಲಿ 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬು 2016ರಲ್ಲಿ 38 ರೂಪಾಯಿಗೆ ಇಳಿದಿತ್ತು. ಅಂಕೋಲಾ ತಾಲ್ಲೂಕಿನ ಶಾಲೆಗಳೆಲ್ಲ ಸೇರಿ ಒಂದೇ ಪಟ್ಟಿ ಕೊಡಲಿ, ಮೂರು ವರ್ಷದ ಗ್ಯಾರಂಟಿಯನ್ನೂ ಕೇಳಲಿ. ಎರಡೂವರೆ ವರ್ಷಕ್ಕೆ ಹಣ ಮರಳುವ ಟ್ಯೂಬು ಒಂದೇ ವರ್ಷಕ್ಕೆ ಕೆಟ್ಟರೆ ಹಾಕಿದ ಹಣವೂ ಹೋಯಿತು.